ನಮ್ಮತ್ತೆ ಮೆಟ್ಟಿಲು ಹತ್ತುವುದಿಲ್ಲ

ನಮ್ಮತ್ತೆಗೆ ಎರಡೂ ಕಾಲು ಗಟ್ಟಿಯಾಗಿವೆ. ನಮ್ಮ ಮನೆತನಕ್ಕೆ ಬಂದೊದಗಿರುವ ದೊಡ್ಡ ತೊಂದರೆಯೇ ಅದು!

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ. ಅವರು ಪಾಪ, ಹೇಳಿದರೆ ಹತ್ತುತ್ತಾರೆ. ನಾನು ಹೇಳುತ್ತಿರುವುದು ನಮ್ಮಪ್ಪನ ತಂಗಿಯ ವಿಷಯ. ಹೊಸಪೇಟೆಯಲ್ಲಿ ಮೂವತ್ತು ವರ್ಷಗಳಿಂದ ವಕೀಲಿ ಮಾಡುತ್ತಿರುವ ಅರವತ್ತಮೂರರ ಹೆಂಗಸು. ಭಾನುವಾರ ಬೆಳಗ್ಗೆ ಹಂಪಿಗೆ ಹೋಗಿ, ನಡುವೆ ಎಲ್ಲಿಯೂ ಕೂರದೆ ಮಾತಂಗ ಪರ್ವತ ಹತ್ತಿ ಇಳಿದು, ಒಂಬತ್ತಕ್ಕೆಲ್ಲ ಮನೆಗೆ ಬಂದು ಒಗ್ಗರಣೆ ಮಂಡಕ್ಕಿ ತಿನ್ನುವವರು. ಅದೇ ಹೆಂಗಸು ಸೋಮವಾರ ಒಂದು ಕಚೇರಿಯ ಮೆಟ್ಟಿಲು ಹತ್ತಿ ಬನ್ನಿ ಎಂದರೆ ಅಲ್ಲಾಡುವುದಿಲ್ಲ. ಯಾಕೆ ಎಂದು ಕೇಳಿ ನೋಡಿ.

"ಗುಡ್ಡದ ಮ್ಯಾಲ ಯಾರೂ ಹಾಜರಿ ತಗೊಳ್ಳಂಗಿಲ್ಲ ಲೇ" ಎನ್ನುತ್ತಾರೆ.

ಮೂರು ವರ್ಷದಿಂದ ಇದು ಅವರ ವ್ರತ. ಎಲ್ಲರಿಗೂ ಹತ್ತಲು ಆಗದ ಮೆಟ್ಟಿಲನ್ನು ತಾವೂ ಹತ್ತುವುದಿಲ್ಲ. ಲಿಫ್ಟ್ ಇರಬೇಕು, ಇಲ್ಲವೇ ಇಳಿಜಾರು ದಾರಿ ಇರಬೇಕು. ಎರಡೂ ಇಲ್ಲದಿದ್ದರೆ ಕೆಳಗೇ ಕೂತು, "ನಾ ಬಂದೀನಂತ ಮ್ಯಾಲ ಹೇಳಿ ಬಾ" ಎಂದು ಒಬ್ಬನನ್ನು ಕಳಿಸುತ್ತಾರೆ. ಆ ಒಬ್ಬ ಯಾರು? ಇನ್ಯಾರು, ನಾನೇ! ಕೋರ್ಟ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ತಣ್ಣಗೆ ಇದ್ದವನು. ಐವತ್ತೆರಡು ವಯಸ್ಸು, ಮುಂದೆ ಹೊಟ್ಟೆ, ಬಗ್ಗಿದರೆ ಲಟಲಟ ಎನ್ನುವ ಮಂಡಿ. ಹೊಸಪೇಟೆಯ ಬಿಸಿಲಿನಲ್ಲಿ ಮನುಷ್ಯ ಸುಮ್ಮನೆ ನಿಂತರೇ ಸುಸ್ತಾಗುತ್ತಾನೆ. ನಾನು ದಿನಕ್ಕೆ ನಾಲ್ಕು ಸಲ ಯಾವುದೋ ಕಟ್ಟಡದ ಮಹಡಿ ಹತ್ತಿ, ಏದುಸಿರಿನಲ್ಲಿ, "ಮೇಡಂ ಕೆಳಗಿದ್ದಾರೆ" ಎಂದು ಹೇಳಿ ಇಳಿಯುತ್ತೇನೆ. ವ್ರತ ಅವರದು, ಉಪವಾಸ ನನ್ನದು.

ಹೋದ ವರ್ಷ ದೊಡ್ಡಪ್ಪನ ಮೊಮ್ಮಗಳ ಮದುವೆಯಾಯಿತು. ಧಾರೆ ಕೆಳಗೆ, ಊಟದ ಹಾಲ್ ಮೇಲೆ. ಅತ್ತೆ ಅಕ್ಷತೆ ಹಾಕಿದವರೇ ಬಂದು ಚಪ್ಪಲಿ ಬಿಡುವ ಜಾಗದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ದೊಡ್ಡಪ್ಪ ಓಡಿ ಬಂದರು.

"ನಮ್ಮವ್ವಾ, ಇವತ್ತೊಂದಿನ ಹತ್ತು. ಬೀಗರು ನೋಡಾಕತ್ಯಾರ."

"ನೋಡ್ಲಿ ಬಿಡಣ್ಣ. ನಾ ಏನ್ ಊಟ ಒಲ್ಲೆ ಅಂದ್ನೇನು? ಇಲ್ಲೇ ಎಲಿ ಹಾಕ್ಸು."

ಎಲೆ ಹಾಕಿದವನು ನಾನು. ಕೋಸಂಬರಿಗೆ ಒಂದು ಸಲ, ಹೋಳಿಗೆಗೆ ಒಂದು ಸಲ, ಹೋಳಿಗೆಗೆ ಮರೆತ ತುಪ್ಪಕ್ಕೆ ಇನ್ನೊಂದು ಸಲ ಹತ್ತಿ ಇಳಿದೆ. ಅಷ್ಟರಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ಬಂದು, "ನಂಗೂ ಇಲ್ಲೇ ಹಾಕಪ್ಪಾ, ಪುಣ್ಯ ಬರ್ತದ" ಎಂದು ಕೂತರು. ಅವರ ಹಿಂದೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡ ಬೀಗರ ಅಣ್ಣ. ಆಮೇಲೆ ಏಳು ತಿಂಗಳ ಬಸುರಿ ಒಬ್ಬಳು. ನೋಡನೋಡುತ್ತ ಕೆಳಗೆ ಎರಡು ಪಂಕ್ತಿ! ಅಡುಗೆಯವರು ಗೊಣಗುತ್ತ ಪಾತ್ರೆಗಳನ್ನೇ ಕೆಳಗಿಳಿಸಿದರು. ಬೀಗರು ನೋಡಿದರು, ನೋಡಿ ಅವರೂ ಕೂತರು. ಉಣ್ಣದೆ ಉಳಿದವನು ನಾನೊಬ್ಬನೇ. ಕೂತರೆ ಮತ್ತೆ ಏಳಲು ಆಗುತ್ತದೆ ಎಂಬ ಭರವಸೆ ನನಗಿರಲಿಲ್ಲ.

ಕಂಪ್ಲಿಯವರದು ಇನ್ನೊಂದು ಕಥೆ. ಅಂಗವಿಕಲರ ಹಕ್ಕಿಗಾಗಿ ದುಡಿದವರು ಎಂದು ಅಲ್ಲಿನ ಒಂದು ಸಂಘ ಅತ್ತೆಗೆ ಸನ್ಮಾನ ಇಟ್ಟುಕೊಂಡಿತ್ತು. ಶಾಮಿಯಾನ, ಮೈಕು, ಮುಖ್ಯ ಅತಿಥಿಗಳು, ಎಲ್ಲ ಸರಿ. ವೇದಿಕೆ ಮಾತ್ರ ಎದೆಮಟ್ಟ, ಅದಕ್ಕೆ ಐದು ಮರದ ಮೆಟ್ಟಿಲು. ಗಾಲಿ ಕುರ್ಚಿಯಲ್ಲಿ ಬಂದಿದ್ದ ಇನ್ನಿಬ್ಬರು ಸನ್ಮಾನಿತರನ್ನು ಸ್ವಯಂಸೇವಕರು ಕಂಕುಳಿಗೆ ಕೈಹಾಕಿ ಎತ್ತುವುದಕ್ಕೆ ಸಿದ್ಧರಾಗಿದ್ದರು. ಅತ್ತೆ ನೋಡಿದರು. ಹೋಗಿ ಆ ಇಬ್ಬರ ನಡುವೆ ಮುಂದಿನ ಸಾಲಿನಲ್ಲಿ ಕೂತುಬಿಟ್ಟರು. ಮೈಕಿನಲ್ಲಿ ಮೂರು ಸಲ ಹೆಸರು ಕೂಗಿದ್ದಾಯಿತು. ಕೊನೆಗೆ ಮುಖ್ಯ ಅತಿಥಿಗಳು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಪಂಚೆ ಎತ್ತಿ ಕೆಳಗೆ ಇಳಿದು ಬಂದರು. ಅವರ ಹಿಂದೆ ಅಧ್ಯಕ್ಷರು, ಅಧ್ಯಕ್ಷರ ಹಿಂದೆ ಫೋಟೋದವನು. ಸ್ವಲ್ಪ ಹೊತ್ತಿಗೆ ವೇದಿಕೆಯ ಮೇಲೆ ಉಳಿದದ್ದು ದೀಪದ ಕಂಬ ಮಾತ್ರ! "ಮುಂದಿನ ಸಲ ಸ್ಟೇಜೇ ಹಾಕ್ಸಂಗಿಲ್ರಿ ಮೇಡಂ" ಎಂದು ಸಂಘದ ಕಾರ್ಯದರ್ಶಿ ಬೇಸರದಿಂದ ಹೇಳಿದರು. ಅತ್ತೆ ಅದನ್ನು ಹೊಗಳಿಕೆ ಎಂದೇ ತಿಳಿದು ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು.

ಇಷ್ಟೇ ಆಗಿದ್ದರೆ ವಯಸ್ಸಾಯಿತು, ಹಟ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ವ್ರತದ ಬುಡದಲ್ಲಿ ಒಂದು ಕೇಸಿತ್ತು. ಹುಲಿಗೆಮ್ಮನ ಕೇಸು.

ಹುಲಿಗೆಮ್ಮ ಪಾಪಿನಾಯಕನಹಳ್ಳಿಯವಳು, ಆಗ ಇಪ್ಪತ್ತೇಳರ ಹುಡುಗಿ. ಚಿಕ್ಕಂದಿನಿಂದ ಎರಡೂ ಕಾಲಿಗೆ ಬಲವಿಲ್ಲ. ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಓಡಾಡುತ್ತಾಳೆ, ಇಳಿದರೆ ಗಾಲಿ ಕುರ್ಚಿ. ಓದಿನಲ್ಲಿ ಚುರುಕು. ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವ ಒಂದು ಹುದ್ದೆಗೆ ಅರ್ಜಿ ಹಾಕಿದ್ದಳು, ಅಂಕಗಳ ಪಟ್ಟಿಯಲ್ಲಿ ಅವಳ ಹೆಸರೇ ಮೊದಲು. ದಾಖಲೆ ಪರಿಶೀಲನೆಗೆ ಒಂದು ಕಚೇರಿಗೆ ಕರೆದರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಅದರ ಮೆಟ್ಟಿಲನ್ನು ನಾಳೆ ನಾನೇ ಹತ್ತಬೇಕಾಗುತ್ತದೆ. ಪರಿಶೀಲನೆ ನಡೆದದ್ದು ಮೊದಲ ಮಹಡಿಯಲ್ಲಿ. "ಇಬ್ಬರು ಎತ್ತಿಕೊಂಡು ಬರ್ಲಿ" ಎಂದು ಮೇಲಿನಿಂದ ಹೇಳಿಕಳಿಸಿದರಂತೆ.

"ನಾ ಏನ್ ಜ್ವಾಳದ ಚೀಲ ಏನ್ರಿ?" ಎಂದಳಂತೆ ಹುಲಿಗೆಮ್ಮ. "ನೌಕರಿ ಕೇಳಾಕ ಬಂದೀನಿ, ಹೊರಿಸಿಕೊಳ್ಳಾಕ ಬಂದಿಲ್ಲ."

ಅವಳು ಬೆಳಗ್ಗೆ ಹತ್ತರಿಂದ ಮೆಟ್ಟಿಲ ಬುಡದಲ್ಲೇ ಇದ್ದಳು. ಕಚೇರಿಯ ಜವಾನ ಅವಳಿಗೆ ಕುಡಿಯಲು ನೀರನ್ನೂ ತಂದುಕೊಟ್ಟಿದ್ದ. ಸಂಜೆ ಗೋಡೆಗೆ ಹಚ್ಚಿದ ಪಟ್ಟಿ ನೋಡಿದರೆ ಅವಳ ಹೆಸರಿನ ಮುಂದೆ "ಗೈರುಹಾಜರು" ಎಂದು ಬರೆದಾಗಿತ್ತು! ಬಾಗಿಲಲ್ಲೇ ಕೂತವಳು ಗೈರುಹಾಜರು ಹೇಗಾಗುತ್ತಾಳೆ? ಅತ್ತೆ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪುಸ್ತಕ ಹಿಡಿದು ದೂರು ಹಾಕಿದರು. ಮೊದಲ ತಿಂಗಳಲ್ಲೇ ಆ ಹುದ್ದೆಯನ್ನು ಬೇರೆಯವರಿಗೆ ಕೊಡಬಾರದು ಎಂಬ ತಡೆಯನ್ನೂ ತಂದರು. ಆ ಗೈರುಹಾಜರಿಯ ದಿನದಿಂದ ಅವರು ಮೆಟ್ಟಿಲಿಗೆ ಕಾಲಿಟ್ಟಿಲ್ಲ.

ಆಮೇಲಿನದು ಬರೀ ಸುಸ್ತಿನ ಕಥೆ. ದೂರಿನ ವಿಚಾರಣೆಗೆ ನೋಟಿಸ್ ಬಂತು. ಎಲ್ಲಿಗೆ? ಅದೇ ಕಚೇರಿಯ ಎರಡನೇ ಮಹಡಿಗೆ! ಮೆಟ್ಟಿಲಿನ ಮೇಲೆ ದೂರು ಕೊಟ್ಟವರಿಗೆ ಇನ್ನೊಂದು ಮಹಡಿ ಬಹುಮಾನ. ಅತ್ತೆ, ಹುಲಿಗೆಮ್ಮ ಇಬ್ಬರೂ ಕೆಳಗೆ ಕೂತರು. ನಾನು ಹತ್ತಿ ಹೋಗಿ ಹೇಳಿದೆ. "ಅರ್ಜಿದಾರರು, ವಕೀಲರು ಇಬ್ಬರೂ ಗೈರು" ಎಂದು ದೂರನ್ನು ವಜಾ ಮಾಡಿದರು. ಅದನ್ನು ಮತ್ತೆ ಜೀವಂತ ಮಾಡಿಸಲು ಅತ್ತೆಗೆ ಹನ್ನೊಂದು ತಿಂಗಳು ಹಿಡಿಯಿತು, ನನ್ನ ಒಂದು ಜೊತೆ ಚಪ್ಪಲಿ ಸವೆಯಿತು. ಆಮೇಲೆ ಒಂದು ದಿನ ಕಚೇರಿಯಿಂದಲೇ ಫೋನು. "ಗಾಲಿ ಕುರ್ಚಿ ತರಿಸೀವಿ, ಇನ್ನ ತಕರಾರು ಬ್ಯಾಡ" ಎಂದರು. ಖುಷಿಯಿಂದ ಹೋದೆವು. ಗಾಲಿ ಕುರ್ಚಿ ಎಲ್ಲಿ ಎಂದರೆ, "ಮ್ಯಾಲ ಸ್ಟೋರ್ ರೂಮಿನಾಗ ಐತ್ರಿ, ಕೀಲಿ ಹಾಕೀವಿ. ಬಂದು ನೋಡ್ಕೊಂಡು ಹೋಗ್ರಿ." ಹೋಗಿ ನೋಡಿಕೊಂಡು ಬಂದವನು ನಾನೇ. ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ.

ಇಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು. ಒಂದು ದಿನ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿಯೇಬಿಟ್ಟೆ.

"ಅತ್ತೆ, ಒಂದ್ಸಲ ನೀವು ಮ್ಯಾಲ ಹೋಗಿ ಜೋರಾಗಿ ವಾದ ಮಾಡಿ ಬಂದ್ರ ಮುಗೀತದ. ಹಟ ಯಾಕ?"

ಸಾಮಾನ್ಯವಾಗಿ ಒಂದು ಮಾತಿಗೆ ಹತ್ತು ಮಾತು ಹಿಂತಿರುಗಿಸುವವರು ಎದ್ದು ಹೊರಟುಹೋದರು. ಅದು ಸಿಟ್ಟು ಎಂದುಕೊಂಡು ನಾನು ಎರಡು ದಿನ ಅವರ ಕಣ್ಣು ತಪ್ಪಿಸಿದೆ.

ಹೋದ ತಿಂಗಳು ಹೊಸ ವಿಚಾರಣಾಧಿಕಾರಿ ಬಂದರು. ಎಂದಿನಂತೆ ಅವರು ಮೇಲೆ, ಅತ್ತೆ ಮತ್ತು ಹುಲಿಗೆಮ್ಮ ಕೆಳಗೆ. ನಾನು ಒಂದು ಸಲ ಹತ್ತಿ ಹೇಳಿ ಬಂದೆ. ಎರಡನೇ ಸಲ ಹತ್ತಿ ಹೇಳಿ ಬಂದೆ. ಮೂರನೇ ಸಲ ಬಾಗಿಲ ಚೌಕಟ್ಟು ಹಿಡಿದು ನಿಂತಾಗ ನನಗೆ ಮಾತೇ ಹೊರಡುತ್ತಿರಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನೀವು ಯಾರು? ಜೂನಿಯರ್ ವಕೀಲರಾ?"

"ಅಲ್ಲ ಸರ್, ಅವರ ಕಾಲು" ಎಂದೆ.

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಫೈಲು ಕಂಕುಳಲ್ಲಿ ಇಟ್ಟುಕೊಂಡು ಎದ್ದರು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಆ ಮೆಟ್ಟಿಲನ್ನು ನಾನು ಜೊತೆಗಾರರೊಡನೆ ಇಳಿದೆ!

ಸ್ಕೂಟರ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಮೇಜು ಬಂತು. ಎಲ್ಲಿಂದಲೋ ವೈರು ಎಳೆದು ಫ್ಯಾನು ಹಾಕಿದರು. ಅತ್ತೆ ಎದ್ದು ನಿಂತು ಶುರುಮಾಡಿದರು: "ಸರ್, ಮಹಡಿ ಹತ್ತೋದು ಈ ಹುದ್ದೆಗೆ ಅರ್ಹತೆ ಅಂತ ಅರ್ಜಿಯೊಳಗ ಎಲ್ಲಿ ಬರೆದಿತ್ತು?" ಕಚೇರಿಯ ಮ್ಯಾನೇಜರು ಅರ್ಜಿ ನಮೂನೆಯಲ್ಲಿ ಹುಡುಕತೊಡಗಿದರು. ಕೇಸು ಗೆದ್ದೆವು ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ಎಣ್ಣೆ ಹಚ್ಚುತ್ತಿದ್ದೆ. ಆಗ ಅಧಿಕಾರಿ, ಆ ದಿನದ ಮೂಲ ರಿಜಿಸ್ಟರ್ ತೋರಿಸಿ ಎಂದರು. ಅಷ್ಟು ವರ್ಷ ನಮಗೆ ಯಾರೂ ತೋರಿಸದಿದ್ದ ಪುಸ್ತಕ ಅದು. ಮ್ಯಾನೇಜರು ಹಾಳೆ ತಿರುವಿದರು, ಅವರ ಮುಖ ಅರಳಿತು. ಗಟ್ಟಿಯಾಗಿ ಓದಿದರು:

"ಅಭ್ಯರ್ಥಿಯು ಇಲ್ಲಿ ಇಲ್ಲವೆಂದು ಅವರ ಜೊತೆಗೆ ಬಂದ ವಕೀಲರೇ ತಿಳಿಸಿದ್ದರಿಂದ ಗೈರುಹಾಜರು ಎಂದು ಪರಿಗಣಿಸಲಾಗಿದೆ."

ಜೊತೆಗೆ ಬಂದ ವಕೀಲರು! ನಾನು ಅತ್ತೆಯ ಕಡೆ ನೋಡಿದೆ. ಅವರು ನಿಂತೇ ಇದ್ದರು, ಕಾಯ್ದೆಯ ಪುಸ್ತಕ ಎದೆಗೆ ಒತ್ತಿಕೊಂಡಿದ್ದರು.

"ಹೀಗೆ ಹೇಳಿದ್ದು ನಿಜವಾ ಮೇಡಂ?" ಎಂದರು ಅಧಿಕಾರಿ.

ಇಲ್ಲ ಎಂದಿದ್ದರೆ ಯಾರೂ ಸಾಬೀತು ಮಾಡುವಂತಿರಲಿಲ್ಲ. ಯಾವ ವಕೀಲರೂ ಅಲ್ಲಿ ಹೌದು ಎನ್ನುವುದಿಲ್ಲ.

"ಹೌದ್ರಿ. ಹೇಳಿದಾಕಿ ನಾನೇ" ಎಂದರು ಅತ್ತೆ. "ಅವತ್ತ ನಾನೂ ಬಂದಿದ್ದೆ. ಎರಡು ನಿಮಿಷದಾಗ ಸಾಹೇಬ್ರನ್ನ ಕರ್ಕೊಂಡು ಬರ್ತೀನಿ, ಕೂತಿರು ಅಂತ ಇಕೀನ್ನ ಬಿಟ್ಟು ಮ್ಯಾಲ ಹೋದೆ. ಸಂಜಿತನಕ ಕಾಯಿಸಿ ಹೆಸರು ಕೂಗಿದ್ರು. 'ಇಲ್ಲಿಲ್ರಿ, ಕೆಳಗದಾಳ, ನೀವ ಬರ್ರಿ' ಅಂದೆ. ಮೊದಲನೇ ಮಾತು ಬರಕೊಂಡ್ರು. ಎರಡನೇದು ಬರಕೊಳ್ಳಲಿಲ್ಲ." ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. "ಮೂವತ್ತು ವರ್ಷ ವಕೀಲಿ ಮಾಡೀನಿ ಸರ್. ಯಾವ ಮಾತು ಮೊದಲು ಆಡಬೇಕು ಅನ್ನೋದು ನಂಗ ಗೊತ್ತಿರಬೇಕಿತ್ತು."

ಹಟ ಯಾಕೆ ಎಂದು ಅಂಗಡಿಯಲ್ಲಿ ಕೇಳಿದವನು ನಾನು. ಈ ಹೆಂಗಸಿನ ಎದೆಯಲ್ಲಿ ಮೂರು ವರ್ಷದಿಂದ ಏನಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

ಹುಲಿಗೆಮ್ಮ ಗಾಲಿ ಕುರ್ಚಿಯನ್ನು ಒಂದು ಗೇಣು ಮುಂದೆ ತಳ್ಳಿಕೊಂಡಳು.

"ಇದೇನು ಹೊಸಾ ಸುದ್ದಿ ಅಲ್ರಿ ಸಾಹೇಬ್ರ. ಅವತ್ತ ಸಂಜಿ ಅಕ್ಕಾರು ಕೆಳಗ ಬಂದ ಕೂಡ್ಲೆ ನಂಗ ಹೇಳ್ಯಾರ. ನಂದು ತಪ್ಪಾತು ಅಂತ ಕೈ ಹಿಡಕೊಂಡು ಹೇಳ್ಯಾರ. ಮುಂದ ಒಂದು ದಿನಾನೂ ನನ್ನ ಬಿಟ್ಟು ಮ್ಯಾಲ ಹೋಗಿಲ್ಲ. ಈಗ ನನ್ನ ಹೆಸರು ಕೂಗ್ರಿ. ನಾ ಇಲ್ಲೇ ಅದೀನಿ."

ಅಧಿಕಾರಿ ಜವಾನನ ಕಡೆ ನೋಡಿದರು. ಮೂರು ವರ್ಷದ ಹಿಂದೆ ನೀರು ತಂದುಕೊಟ್ಟಿದ್ದವನೇ ಅವನು. ಎರಡು ಮಾರು ದೂರದಲ್ಲಿ ಕೂತವಳ ಹೆಸರನ್ನು ಅವನು ಇಡೀ ಕಚೇರಿಗೆ ಕೇಳುವಂತೆ ಕೂಗಿದ. "ಬಂದೀನ್ರಿ" ಎಂದಳು ಹುಲಿಗೆಮ್ಮ. ಗೈರುಹಾಜರು ಎಂಬುದನ್ನು ಹೊಡೆದು ಹಾಕಿಸಿ, ಅವಳ ದಾಖಲೆಗಳನ್ನು ಆ ಮೇಜಿನ ಮೇಲೇ ನೋಡಿಸಿ, ಪಟ್ಟಿಯ ಪ್ರಕಾರ ಹುದ್ದೆಯನ್ನು ಅವಳಿಗೇ ಕೊಡಬೇಕೆಂದು ಅಧಿಕಾರಿ ಅಲ್ಲೇ ಆದೇಶ ಬರೆಸಿದರು. ಅವಳು ರಿಜಿಸ್ಟರಿನ ಹಾಜರಿ ಅಂಕಣದಲ್ಲಿ ಸಹಿ ಮಾಡುವಾಗ ಅತ್ತೆ ಬೆಂಚಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಮಗುವಿನ ಹಾಗೆ ಅತ್ತರು. ನಮ್ಮತ್ತೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಧಿಕಾರಿ ಹೊರಟ ಮೇಲೆ ಗುಮಾಸ್ತ ಆದೇಶದ ಪ್ರತಿ ಹಿಡಿದು ಬಂದ. "ಸೀಲು ಮ್ಯಾಲ ಐತ್ರಿ ಅಣ್ಣಾರ, ಬರ್ರಿ" ಎಂದ. ಅಭ್ಯಾಸಬಲದಿಂದ ಎದ್ದು ಹೋಗಿ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ತಿರುಗಿ ನೋಡಿದರೆ ಹುಲಿಗೆಮ್ಮ ಅತ್ತೆಯ ಬೆನ್ನು ಸವರುತ್ತಿದ್ದಳು.

ನಾನು ಕಾಲು ಹಿಂದಕ್ಕೆ ತೆಗೆದೆ. ಬಂದು ಅವರ ಪಕ್ಕದಲ್ಲಿ ಕೂತೆ.

"ಸೀಲು ಇಲ್ಲಿಗೇ ತರ್ರಿ" ಎಂದೆ. "ನಾವು ಮೂರೂ ಮಂದಿ ಇಲ್ಲೇ ಇರ್ತೀವಿ."