ನೀರಿಳಿದ ಹೊತ್ತಿನ ಗೋಡೆ

ಶ್ರೇಯಾ, ಪ್ರಣಾಮ್, ನಿಮ್ಮ ದೊಡ್ಡಜ್ಜನಿಗೆ ಗಡಿಯಾರ ನೋಡಲು ಬರುವುದಿಲ್ಲವೆಂದು ನಗುತ್ತೀರಲ್ಲ, ಸುಳ್ಳು! ಬರುತ್ತದೆ, ಅದರ ಮೇಲೆ ನಂಬಿಕೆಯಿಲ್ಲ. ಅವರ ಗಡಿಯಾರ ನೇತ್ರಾವತಿ ಹೊಳೆ.

ನನ್ನ ಗಂಡನ ಅಣ್ಣನಾದ ಈ ಮಹಾನುಭಾವರು ಹರೆಯವನ್ನೆಲ್ಲ ಹೊಳೆಬದಿಯ ತಡೆಗೋಡೆ ಕಟ್ಟುವುದರಲ್ಲಿ ಕಳೆದವರು. ಹೊಳೆ ಕಡಲು ಸೇರುವ ಜಾಗವಲ್ಲವೇ, ಸಮುದ್ರ ಇಳಿದಾಗ ಹೊಳೆಯ ನೀರೂ ಇಳಿದು ಕೆಸರು ಕಾಣುತ್ತದೆ. ಆಗಲೇ ಬುಡದ ಕಲ್ಲು ಕೂರಿಸಬೇಕು. ನೀರು ಏರಿದ ಮೇಲೆ ಊಟ. ಆ ಹೊತ್ತು ದಿನವೂ ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರ ಹೊಟ್ಟೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ! ಇಂದು ಒಂದು ಗಂಟೆಗೆ ಬಡಿಸಿದರೆ ನಾಲ್ಕು ದಿನ ಕಳೆದು ನಾಲ್ಕಕ್ಕೆ. ಒಲೆಯ ಮುಂದೆ ಕಾಯುವವಳ ಸಿಟ್ಟು ಯಾವ ಹೊಳೆಗೆ ಹರಿಯಬೇಕು? ನಿಮ್ಮ ಅಮ್ಮನ ಮದುವೆಗೂ ಅಷ್ಟೆ, ಧಾರೆ ಮುಗಿದು ಎಲೆ ಎತ್ತಿದ ಮೇಲೆ ಬಂದು, "ಮುಹೂರ್ತ ಇಟ್ಟವ ನೀರು ನೋಡುದು ಬೇಡ್ವಾ?" ಎಂದು ನನ್ನನ್ನೇ ಗದರಿದರು!

ಈಗ ಆ ಹಳೆಯ ಗೋಡೆಯ ಮೇಲೆ ವಾಕಿಂಗ್ ದಾರಿ ಬರುತ್ತಿದೆ. ಮೊನ್ನೆ ಊಟಕ್ಕೆ ಕರೆಯಲು ಹೋದರೆ ದೊಡ್ಡಜ್ಜ ಇಂಜಿನಿಯರರ ಮುಂದೆ ಕೊಡೆ ಕುಟ್ಟುತ್ತಿದ್ದರು.

"ಇಲ್ಲಿ ಅಡಿಯಲ್ಲಿ ಗಟ್ಟಿ ನೆಲ ಇಲ್ಲ ಮಾರಾಯ. ತೆಂಗಿನ ಕಾಂಡ ಹುಗಿದು ಕಲ್ಲು ಇಟ್ಟದ್ದು. ಇಷ್ಟು ಕಾಂಕ್ರೀಟು ಹೇರಿದರೆ ಗೋಡೆ ಹೊಳೆಗೆ ಮಲಗ್ತದೆ."

"ಡ್ರಾಯಿಂಗ್ ಉಂಟಾ ಅಜ್ಜ?"

"ಡ್ರಾಯಿಂಗ್ ಎಂತಕ್ಕೆ? ನಾನಿಲ್ವಾ?"

"ನೀವು ಹೋದ ಮೇಲೆ?"

ಸುತ್ತ ಇದ್ದವರು ಗೊಳ್ಳೆಂದು ನಕ್ಕರು.

ನನ್ನ ಮೈ ಉರಿಯಿತು. ಭಾವನೆದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು. ಆದರೂ ಬಾಯಿ ತೆರೆಯಿತು.

"ಅದಕ್ಕೇ ಇರುವಾಗ ಕೇಳಿಕೊಳ್ಳಿ ಮಾರಾಯ್ರೆ! ಗೋಡೆ ಬಿದ್ದ ಮೇಲೆ ಯಾರ ಹತ್ರ ಕೇಳ್ತೀರಿ?"

ನಗು ನಿಂತಿತು. ಕೆಲಸ ನಿಲ್ಲಲಿಲ್ಲ. "ಬರೆದದ್ದು ಇದ್ದರೆ ತನ್ನಿ ಅಮ್ಮ, ನೋಡುವ" ಎಂದರು ಇಂಜಿನಿಯರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ದಾರಿಯುದ್ದಕ್ಕೂ ದೊಡ್ಡಜ್ಜ ಕೊಡೆ ಕುಟ್ಟುತ್ತಲೇ ನಡೆದರು. ಮನೆಗೆ ಬಂದವರೇ, "ನನಗೆ ಅಕ್ಷರ ಬರುದಿಲ್ಲ. ನೀನು ಶಾಲೆಗೆ ಹೋದವಳಲ್ವಾ, ಬರಿ" ಎಂದರು.

ಎಲ್ಲಿ ಎಷ್ಟು ಕಾಂಡ, ಎಷ್ಟು ಆಳ, ಎಲ್ಲಿ ಕೆಸರು ಕಲ್ಲನ್ನೇ ನುಂಗಿತು, ಒಂದೊಂದಾಗಿ ಹೇಳಿದರು. ನನ್ನ ಪೆನ್ನು ಹಿಂದೆ ಬಿದ್ದಾಗ ನಿಂತು ಕಾದರು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ, ಕಲ್ಲು ಹೊತ್ತು ಒರಟಾದ ಅಂಗೈಯನ್ನು ಅದರ ಅಂಚಿನ ಮೇಲೆ ಕೊನೆಯವರೆಗೂ ಇಟ್ಟುಕೊಂಡೇ ಇದ್ದರು.

ಒಂದು ಪ್ರತಿಯನ್ನು ಇಂಜಿನಿಯರರಿಗೆ ಕೊಟ್ಟಿದ್ದೇನೆ, ಓದುತ್ತಾರೋ ಇಲ್ಲವೋ. ಇನ್ನೊಂದನ್ನು ಈ ಕಾಗದದ ಹಿಂದೆ ಹೊಲಿದಿದ್ದೇನೆ. ಮಕ್ಕಳೇ, ನೀರು ತಾಗದ ಕಡೆ ಇಡಿ.