ಟವೆಲಿನ ಕೆಳಗಿನ ಕೈ

ಹಿಂದೂಪುರದ ದನದ ಸಂತೆಯಲ್ಲಿ ದಲ್ಲಾಳಿಗೆ ಬಾಯಿಲ್ಲದಿದ್ದರೂ ನಡೆದೀತು, ಬಲಗೈ ಇಲ್ಲದಿದ್ದರೆ ಆಗದು. ಟವೆಲಿನ ಕೆಳಗೆ ಗಿರಾಕಿಯ ಬೆರಳು ಹಿಡಿದೇ ಬೆಲೆ ಹೇಳಬೇಕು. ಲಕ್ವ ಹೊಡೆದು ಮನೆಯಲ್ಲಿ ಕೂತಿದ್ದ ದಾಸಣ್ಣನಿಗೆ ಅದೇ ಬಲಗೈಯ ಬೆರಳು ಮಡಚುತ್ತಿರಲಿಲ್ಲ. ತನ್ನ ಜಾಗದಲ್ಲಿ ಇನ್ನೊಬ್ಬ ದಲ್ಲಾಳಿ ಜೋಗಪ್ಪ ಟವೆಲ್ ಹಾಸಿಬಿಟ್ಟರೆ ಎಂಬ ಭಯಕ್ಕೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಕಲ್ಯಾಣದುರ್ಗದ ಥೆರಪಿ ಸೆಂಟರಿನ ಕಲ್ಯಾಣಿ ಮೇಡಂ ಅಭ್ಯಾಸಕ್ಕೆಂದು ಒಂದು ಜೊತೆ ಮೆಷಿನ್ ಗ್ಲೌಸು ಕೊಟ್ಟಿದ್ದರು. ಎಡಗೈ ಮುಷ್ಟಿ ಕಟ್ಟಿದರೆ ಬಲಗೈ ಗ್ಲೌಸೂ ಕಟ್ಟುತ್ತದೆ. ಎಡಗೈ ಬಿಚ್ಚಿದರೆ ಅದೂ ಬಿಚ್ಚುತ್ತದೆ. ಮನೆಯಲ್ಲಿ ಮಾತ್ರ ಎಂದಿದ್ದರು. ದಾಸಣ್ಣ ಅದನ್ನೇ ತೊಟ್ಟು, ಅದರ ಬ್ಯಾಟರಿ ಡಬ್ಬಿಯನ್ನು ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿ, ಎಡಗೈಯನ್ನು ಜೇಬಿಗಿಳಿಸಿ ಸಂತೆಗೆ ಬಂದ.

ಮೊದಲ ಗಿರಾಕಿ ಓಬಳೇಶಪ್ಪ ಟವೆಲಿನೊಳಗೆ ಕೈ ತೂರಿಸಿದ. "ಗ್ಲೌಸ್ ಯಾಕಪ್ಪ?"

"ಸುಟ್ಕೊಂಬುಟ್ಟೆ ಕಣಪ್ಪ."

ದಾಸಣ್ಣ ಜೇಬಿನಲ್ಲಿ ಎಡಗೈ ಬಿಗಿದ. ಬಲಗೈ ಗಬಕ್ಕನೆ ಓಬಳೇಶಪ್ಪನ ಬೆರಳು ಹಿಡಿಯಿತು. ದಾಸಣ್ಣನ ಜೀವ ಕುಣಿಯಿತು.

"ಅಷ್ಟೊಂದಾ? ಆಗ್ಲಿ, ಬುಡು."

ದಾಸಣ್ಣ ಎಡಗೈ ಬಿಚ್ಚಿದ. ಬಲಗೈ ಬಿಡಲಿಲ್ಲ. ಗಾಬರಿಯಾದಷ್ಟೂ ಹಿಡಿತ ಬಿಗಿಯಾಯಿತು.

"ಇನ್ನೂ ಜಾಸ್ತಿನಾ? ಅದೂ ಕೊಡ್ತೀನಿ, ನನ್ ಬೆರಳು ಕೊಡು! ವದುಲಯ್ಯಾ, ಬುಡಯ್ಯಾ!"

ಕೂಗು ಕೇಳಿ ಬಂದ ಜೋಗಪ್ಪ ಟವೆಲ್ ಎಳೆದೇಬಿಟ್ಟ. "ಬರ್ರೋ, ದಾಸಣ್ಣನ ಕೈಗೆ ವೈರು ಹಾಕವ್ರೆ!"

ಸಂತೆಗೆ ಸಂತೆಯೇ ಮುತ್ತಿಕೊಂಡಿತು. ಒಬ್ಬ ಕಡಲೇಕಾಯಿ ಎಣ್ಣೆ ಸುರಿದ. ಇನ್ನಿಬ್ಬರು ಸೊಂಟ ಹಿಡಿದು ಆ ಕಡೆಗೊಬ್ಬರು ಈ ಕಡೆಗೊಬ್ಬರು ಜಗ್ಗಿದರು. ಮಾರಾಟದ ಎತ್ತು ಮಾತ್ರ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ದಾಸಣ್ಣನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

"ನಾನಲ್ಲ ಕಣ್ರಪ್ಪೋ, ಹಿಡ್ಕೊಂಡಿರೋದು ಮೆಷಿನ್ನು!"

ಅಷ್ಟರಲ್ಲಿ ಹೆಂಡತಿ ನರಸಕ್ಕ ಚಾರ್ಜರ್ ಹಿಡಿದು ಓಡಿ ಬಂದಳು. "ಮೆಷಿನ್ನಾ? ರಾತ್ರಿ ಅದರ ಪಿನ್ ಕಿತ್ತು ನನ್ ಫೋನ್ ಚಾರ್ಜಿಗೆ ಹಾಕ್ಬುಟ್ಟಿದ್ದೆ. ಮೆಷಿನ್ನು ಬೆಳಿಗ್ಗೆಯಿಂದ ಸತ್ತು ಬಿದ್ದೈತೆ!"

ಡಬ್ಬಿಯ ದೀಪ ನಿಜಕ್ಕೂ ಆರಿತ್ತು. ಹಾಗಾದರೆ ಹಿಡಿದದ್ದು ತನ್ನದೇ ಕೈ! ದಾಸಣ್ಣನ ಕಣ್ಣು ತುಂಬಿ ಬಂತು.

ನರಸಕ್ಕ ಫೋನು ಹಚ್ಚಿದಳು. ಕಲ್ಯಾಣಿ ಮೇಡಂ ಹಿಗ್ಗಿದರು. "ತುಂಬಾ ಸಂತೋಷ ನರಸಕ್ಕ! ಲಕ್ವ ಆದೋರಿಗೆ ಎಷ್ಟೋ ಸಲ ಮೊದಲು ಹಿಡಿಯೋದು ಬರುತ್ತೆ. ಬಿಡೋದು ಆಮೇಲೆ ಕಲಿಸ್ತೀವಿ. ಕರ್ಕೊಂಡು ಬನ್ನಿ."

"ಅಲ್ಲೀಗಂಟ ನನ್ ಗತಿ?" ಎಂದ ಓಬಳೇಶಪ್ಪ.

ಕಲ್ಯಾಣದುರ್ಗದ ಬಸ್ಸಿನಲ್ಲಿ ದಾಸಣ್ಣ, ಓಬಳೇಶಪ್ಪ ಇಬ್ಬರೂ ಹೊಸ ಮದುಮಕ್ಕಳಂತೆ ಕೈ ಹಿಡಿದು ಕೂತರು. ಬಸ್ಸು ಸಂತೆ ಬಯಲು ದಾಟುವಾಗ ದಾಸಣ್ಣ ಕಿಟಕಿಯಿಂದ ಇಣುಕಿದ. ಅವನ ಜಾಗದಲ್ಲಿ ಜೋಗಪ್ಪ ಟವೆಲ್ ಕೊಡವಿ ಹಾಸುತ್ತಿದ್ದ.