ಹಿಂದಿನ ಚಕ್ರದ ಮೇಲಿನ ಭಾರ

ಸ್ಸ್ಸ್… ಎಂದು ಸಣ್ಣಗೆ ಸದ್ದು. ಕೆಟಲಿನದಲ್ಲ; ಒಲೆ ಆರಿ ಎರಡು ಗಂಟೆಯಾಗಿತ್ತು. ಬೆಕ್ಕಿನದೂ ಅಲ್ಲ, ಅದು ಕಾಲ ಬಳಿಯೇ ಮಲಗಿತ್ತು. ವಿಲ್ಫ್ರೆಡ್ ಟ್ರಾಂಟರ್ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಶೆಡ್ಡಿಗೆ ಹೋಗಿ ಟಾರ್ಚಿನ ಬೆಳಕು ಬಿಟ್ಟ. ಪಕ್ಕದ ಮನೆಯ ಮುದುಕ ಗಾಸ್ಲಿಂಗ್ ಮಂಡಿಯೂರಿ ಕುಳಿತು, ವಿಲ್ಫ್ರೆಡನ ಮೂರು ಚಕ್ರದ ಮೋಟಾರು ಗಾಡಿಯ ಹಿಂದಿನ ಟೈರಿನ ಗಾಳಿ ಬಿಡುತ್ತಿದ್ದ.

"ಏನ್ ಮಾಡ್ತಿದೀರಾ ಸಾರ್?"

"ನಿನಗೆ ಉಪಕಾರ ಕಣಯ್ಯಾ. ಟೈರು ಮೆತ್ತಗಿದ್ರೆ ಅಗಲವಾಗಿ ಕೂತು ಕೆಸರನ್ನ ಹಿಡ್ಕೊಳ್ಳುತ್ತೆ. ನಿನ್ನ ಕೇಳಿದ್ರೆ ಬೆಳಗಿನವರೆಗೂ ಯೋಚ್ನೆ ಮಾಡ್ತೀಯ, ಅದಕ್ಕೇ ನಾನೇ ಬಂದೆ. ಹೋಗು, ಮಲ್ಕೊ."

ಬೆಳಗಾದರೆ ಈಸ್ಟರ್ ಸೋಮವಾರ. ಮೋಟಾರು ಕ್ಲಬ್ಬಿನ ಗುಡ್ಡ ಹತ್ತುವ ಪಂದ್ಯ. ವಿಲ್ಫ್ರೆಡನ ಗಾಡಿಗೆ ಮುಂದೆ ಎರಡು ಚಕ್ರ, ಹಿಂದೆ ಒಂದೇ ಒಂದು. ಎಂಜಿನ್ನಿನ ಬಲವೆಲ್ಲ ಆ ಒಂದಕ್ಕೇ ಹೋಗುತ್ತಿತ್ತು. ಡಾಂಬರಿನ ಮೇಲೆ ಬಾಣದ ಹಾಗೆ ಓಡುವ ಗಾಡಿ ಕೆಸರು ಕಂಡೊಡನೆ ಬೆಣ್ಣೆ ಕಡೆಯುವ ಕಡೆಗೋಲಾಗುತ್ತಿತ್ತು. ಹಿಂದಿನ ಎರಡು ವರ್ಷವೂ ನಡುಗುಡ್ಡದ ತಿರುವಿನಲ್ಲಿ ಸಿಕ್ಕಿಕೊಂಡು, ಉಳುವ ಕುದುರೆಯಿಂದ ಎಳೆಸಿಕೊಂಡು ಮನೆಗೆ ಬಂದಿತ್ತು. ಹೆಂಡತಿ ಹೆಟ್ಟಿ ಖಡಾಖಂಡಿತವಾಗಿ ಹೇಳಿದ್ದಳು: "ಈ ಸಲವೂ ಹತ್ತದಿದ್ರೆ ಮಾರಿಬಿಡಿ. ಮೇಲೆ ಛಾವಣಿ ಇರೋ, ನಾಲ್ಕು ಚಕ್ರದ ಕಾರು ತಗೊಳ್ಳೋಣ, ಮನುಷ್ಯರ ಹಾಗೆ." ಆ ಗಾಡಿ ಬಿಟ್ಟರೆ ವಿಲ್ಫ್ರೆಡನ ಬದುಕಿನಲ್ಲಿ ಉಳಿಯುತ್ತಿದ್ದುದು ಅವನು ಗುಮಾಸ್ತನಾಗಿದ್ದ ಅಂಚೆಕಚೇರಿಯ ಸ್ಟಾಂಪುಗಳು ಮಾತ್ರ.

ಬೆಳಿಗ್ಗೆ ಕಮ್ಮಾರ ಯಾಪ್ ಬಂದು ಟೈರನ್ನು ಒತ್ತಿ ನೋಡಿದ. "ಯಾವ ಕತ್ತೆ ಗಾಳಿ ಬಿಟ್ಟಿದ್ದು? ಟೈರು ಕಲ್ಲಿನ ಹಾಗಿರ್ಬೇಕು. ಆಗ್ಲೇ ಕೆಸರು ಕೊಯ್ದು ಅಡಿಯ ಬಂಡೆ ಮುಟ್ಟೋದು." ಪಂಪು ಹೊಡೆದು ಹೋದ. ಅವನು ಅತ್ತ ಹೋದ, ಗಾಸ್ಲಿಂಗ್ ಇತ್ತ ಬಂದು ಗಾಳಿ ಬಿಟ್ಟ. ಯಾಪ್ ಮತ್ತೆ ತುಂಬಿದ. ತಿಂಡಿಯ ಹೊತ್ತಿಗೆ ಆ ಟೈರು ಆಸ್ತಮಾ ರೋಗಿಯ ಎದೆಯ ಹಾಗೆ ನಾಲ್ಕು ಸಲ ಉಬ್ಬಿ ನಾಲ್ಕು ಸಲ ಇಳಿದಿತ್ತು. ಇಬ್ಬರ ಮಾತೂ ಸರಿಯೆಂದೇ ವಿಲ್ಫ್ರೆಡನಿಗೆ ತೋರುತ್ತಿತ್ತು. ಅದೇ ಅವನ ಕಷ್ಟ.

ಕೊನೆಗೆ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದರು: ಭಾರ ಸಾಲದು.

ಪಕ್ಕದಲ್ಲಿ ಕುಳಿತವರು ಸೀಟಿನ ಬೆನ್ನಿನ ಮೇಲೆ ಹತ್ತಿ, ಹಿಂದಿನ ಚಕ್ರದ ಮೇಲೆ ಕುಪ್ಪಳಿಸಿ ಅದನ್ನು ನೆಲಕ್ಕೆ ಅದುಮುವುದು ಆ ಪಂದ್ಯದ ಪದ್ಧತಿ. ಎರಡು ವರ್ಷ ಕುಪ್ಪಳಿಸಿದವಳು ಹೆಟ್ಟಿ.

"ಹೆಟ್ಟಿ ಕುಪ್ಪಳಿಸಿದ್ರೆ ಗುಬ್ಬಚ್ಚಿ ಕೂತಂಗೆ. ಮಿಸೆಸ್ ಬಫ್ಟನ್ ಅವರನ್ನ ಕೇಳು," ಎಂದ ಗಾಸ್ಲಿಂಗ್.

"ಪೋಸ್ಟ್‌ಮಾಸ್ಟರ್ ಹೆಂಡತೀನಾ? ನಮ್ಮ ಸಾಹೇಬರ…"

"ಅವರೇ. ತೂಕ ಅನ್ನೋ ಮಾತು ಮಾತ್ರ ಬಾಯಿಂದ ಬರಬಾರ್ದು. ಬಂತೋ, ನಿನ್ನ ಕೆಲಸ ಹೋಯ್ತು."

ಕಾರಣ ತಿಳಿಯದ ಹೆಟ್ಟಿಗೆ ತನ್ನ ಜಾಗ ಬಿಡಲು ಬೇಸರವೇನಿರಲಿಲ್ಲ. "ಯಾರಾದ್ರೂ ಕೂತ್ಕೊಳ್ಳಿ. ನಾನು ಮೇಲೆ ಫ್ಲಾಸ್ಕ್ ಹಿಡ್ಕೊಂಡು ನಿಂತಿರ್ತೀನಿ," ಎಂದಳು.

ಬಫ್ಟನ್ ಅವರ ಮನೆಯ ಬಾಗಿಲು ತೆರೆದವರು ಸ್ವತಃ ಪೋಸ್ಟ್‌ಮಾಸ್ಟರ್.

"ನಿಮ್ಮ… ನಿಮ್ಮ ಶ್ರೀಮತಿಯವರು ಬೇಕಾಗಿತ್ತು ಸಾರ್."

"ಅಡುಗೆಗೆ ನನಗೂ ಬೇಕು. ನಿನಗ್ಯಾತಕ್ಕೆ?"

ವಿಲ್ಫ್ರೆಡ್ ತೊದಲಿದ. ಗುಡ್ಡ ಎಂದ, ಗಾಡಿ ಎಂದ, ಗೌರವ ಎಂದ. ಒಳಗಿನಿಂದ ಮಿಸೆಸ್ ಬಫ್ಟನ್ ಬಂದು, ಅವನ ಬೆವರಿದ ಮುಖವನ್ನು ಒಂದು ನಿಮಿಷ ನೋಡಿ, "ಟೋಪಿ ಹಾಕ್ಕೊಂಡ್ ಬರ್ತೀನಿ," ಎಂದರು.

ಮಧ್ಯಾಹ್ನ ತಿರುವಿನ ಹತ್ತಿರ ಇಡೀ ಊರೇ ನಿಂತಿತ್ತು. ಗಾಡಿ ಬಂತು. ಹಿಂದಿನ ಚಕ್ರ ಗಿರ್ರೆಂದಿತು, ಕೆಸರು ಕಾರಂಜಿಯಾಗಿ ಪಾದ್ರಿಯವರ ಕೊರಳಪಟ್ಟಿಗೆ ಬಡಿಯಿತು. "ಕುಪ್ಪಳಿಸಿ!" ಎಂದು ಜನ ಕೂಗಿದರು. ಮಿಸೆಸ್ ಬಫ್ಟನ್ ಸೀಟಿನ ಬೆನ್ನಿಗೆ ಹತ್ತಿ, ಟೋಪಿಯನ್ನು ಒಂದು ಕೈಯಲ್ಲಿ ಹಿಡಿದು, ಎದ್ದು ಧೊಪ್ಪನೆ ಕುಳಿತರು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಟೈರು ಹಸಿದ ನಾಯಿ ಎಲುಬು ಕಚ್ಚಿದ ಹಾಗೆ ನೆಲ ಕಚ್ಚಿತು. ಗಾಡಿ ಛಂಗನೆ ಹಾರಿ ಗುಡ್ಡದ ನೆತ್ತಿಗೆ ಬಂದು ನಿಂತಿತು.

ವಿಲ್ಫ್ರೆಡನ ಕಣ್ಣಲ್ಲಿ ನೀರು. ಗಾಡಿ ಉಳಿಯಿತು!

ಕ್ಲಬ್ಬಿನ ಅಧ್ಯಕ್ಷರು ತುತ್ತೂರಿಯಂಥ ಧ್ವನಿವರ್ಧಕ ಹಿಡಿದು ಬಂದರು. "ಶಹಬ್ಬಾಸ್ ಟ್ರಾಂಟರ್! ಊರಲ್ಲಿ ಇಷ್ಟು ಜನ ಇರುವಾಗ ಮಿಸೆಸ್ ಬಫ್ಟನ್ ಅವರನ್ನೇ ಯಾಕೆ ಆರಿಸಿದ್ರಿ?"

ಪೋಸ್ಟ್‌ಮಾಸ್ಟರ್ ಕಣ್ಣು ಕಿರಿದು ಮಾಡಿದರು. ನಿಜ ಹೇಳುವಂತಿರಲಿಲ್ಲ. ವಿಲ್ಫ್ರೆಡನ ಬಾಯಿ ತಾನಾಗಿ ತೆರೆಯಿತು: "ಅವರು ಜೊತೆಗಿದ್ರೆ… ನನಗೆ ಧೈರ್ಯ ಬರುತ್ತೆ."

ಹೆಟ್ಟಿಯ ಕೈಯಿಂದ ಫ್ಲಾಸ್ಕ್ ಬಿತ್ತು.

"ಎರಡು ವರ್ಷ ನಾನು ಕೆಸರು ತಿಂದೆನಲ್ಲ, ಆಗೆಲ್ಲಿ ಹೋಗಿತ್ರೀ ಧೈರ್ಯ?"

"ಹೆಟ್ಟಿ, ಗಾಡಿ ಹತ್ತಿತಲ್ಲೇ!"

"ಹತ್ತಿತು. ಯಾರನ್ನ ಕೂರಿಸ್ಕೊಂಡು? ನಾಳೇನೇ ಮಾರಿ. ಇಲ್ಲಾಂದ್ರೆ ಅದರ ಜೊತೇನೇ ಸಂಸಾರ ಮಾಡಿ," ಎಂದವಳೇ ಗುಡ್ಡ ಇಳಿದು ನಡೆದೇ ಹೊರಟಳು.

ಮನೆಗೆ ಹೋಗಿ ಅವಳ ಕಿವಿಯಲ್ಲಿ ನಿಜ ಹೇಳಿಬಿಡುವುದು, ಅಲ್ಲಿಗೆ ಸರಿಹೋಗುತ್ತದೆ. ಹಾಗೆಂದುಕೊಂಡು ವಿಲ್ಫ್ರೆಡ್ ಮಿಸೆಸ್ ಬಫ್ಟನ್ ಅವರನ್ನು ಕೂರಿಸಿಕೊಂಡು ಗಾಡಿ ಇಳಿಸತೊಡಗಿದ.

"ಮಿಸ್ಟರ್ ಟ್ರಾಂಟರ್, ನಾನು ಪೆದ್ದಿ ಅಲ್ಲ," ಎಂದರು ಅವರು ಮೆಲ್ಲಗೆ. "ನಿಮಗೆ ಬೇಕಾಗಿದ್ದು ನನ್ನ ತೂಕ. ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರದಲ್ಲಿ ನೋಡ್ಕೊಂಡಿದೀನಿ, ಹದಿನೇಳು ಸ್ಟೋನು, ಒಂದು ಕ್ವಿಂಟಾಲಿಗೂ ಮೇಲೆ."

ಗಾಡಿ ಬೇಲಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು.

"ಇಪ್ಪತ್ತೆರಡು ವರ್ಷದಿಂದ ನಮ್ಮವರು ನನಗಿಂತ ಹತ್ತು ಹೆಜ್ಜೆ ಮುಂದೇ ನಡೆಯೋದು. ಇವತ್ತು ನನ್ನ ಕೋಟು ಹಿಡ್ಕೊಂಡು ನಿಂತಿದ್ರು. 'ಹುಷಾರಾಗಿ ಇಳಿ' ಅಂದ್ರು. ಅದನ್ನ ಹಾಳು ಮಾಡ್ಬೇಡಿ. ಹೆಟ್ಟಿಗೆ ಹೇಳಿದ್ರೆ ಇಡೀ ಊರಿಗೇ ಹೇಳಿದಂಗೆ. ಸಂಜೆಯೊಳಗೆ ಅಂಚೆಕಚೇರಿಗೆ ಬರುತ್ತೆ. ತಮ್ಮ ಹೆಂಡತಿಯನ್ನ ಮರಳುಚೀಲ ಮಾಡಿದವನನ್ನ ನಮ್ಮವರು ಏನ್ ಮಾಡ್ತಾರೋ, ನಿಮಗೇ ಗೊತ್ತು."

ಸಂಜೆ ಹೆಟ್ಟಿ ಒಂದು ಕಾರ್ಡು ತಂದು ಮುಂದಿಟ್ಟಳು. "ಅಂಗಡಿ ಕಿಟಕಿಗೆ ಅಂಟಿಸ್ಬೇಕು. ಬರೀರಿ. ಮೂರು ಚಕ್ರದ ಗಾಡಿ ಮಾರಾಟಕ್ಕಿದೆ. ಮಾರಲು ಕಾರಣ…"

ವಿಲ್ಫ್ರೆಡನ ಲೇಖನಿ ನಿಂತಿತು. ಅವಳ ಮುಖ ನೋಡಿದ. ತೂಕ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಅದನ್ನು ನುಂಗಿಕೊಂಡ. ಯಾರಿಗೂ ಹೇಳಬಾರದು, ಸಾಯುವ ತನಕ, ಎಂದು ಮನಸ್ಸು ಗಟ್ಟಿಮಾಡಿಕೊಂಡು ದುಂಡಗಿನ ಅಕ್ಷರದಲ್ಲಿ ಬರೆದ: 'ಹಿಂದಿನ ಚಕ್ರ ಜಾರುತ್ತದೆ.'